ಬೇರೆ ನಂಬರಿನ ಮುಚ್ಚಳ

ಕೈಯಲ್ಲಿ ಪಿಸ್ತೂಲು ಹಿಡಿದವನನ್ನು ಕಂಡು ಉಳಿದವರು ಬೆವರುವುದು ಲೋಕರೂಢಿ. ಕಳೆದ ಗುರುವಾರ ಪಿಸ್ತೂಲು ಇದ್ದದ್ದು ನನ್ನ ಕೈಯಲ್ಲಿ. ಬೆವರಿದವನೂ ನಾನೇ. (ಏಸಿ ಜೋರಾಗಿಯೇ ಇತ್ತು.)

ಆಫೀಸಿನಲ್ಲಿ ಟೈಪ್ ಕುಟ್ಟುವ ಪೊರ್ಬುವಿಗೂ ಪಿಸ್ತೂಲಿಗೂ ಏನು ಸಂಬಂಧ ಎನ್ನುತ್ತೀರಾ? (ನಮ್ಮೂರ ಕಡೆ ಕ್ರಿಸ್ತರನ್ನು ಪೊರ್ಬುಗಳು ಎನ್ನುತ್ತಾರೆ.) ಹೇಳುತ್ತೇನೆ. ನಮ್ಮ ಕಂಪನಿಯ ಅಮೆರಿಕನ್ ಒಬ್ಬ ಕೆಲಸ ಬಿಟ್ಟು ಹೋಗುವಾಗ ಒಂದು ರಾಶಿ ಮ್ಯಾಗಜಿನ್ ಬಿಟ್ಟುಹೋದ. ಎಲ್ಲ ಹಳೆಯ ಕೋವಿ, ಪಿಸ್ತೂಲು ಕೂಡಿಡುವ ಹುಚ್ಚಿನವರಿಗಾಗಿ ಬರುವಂಥವು. ಅರಬ್ಬರ ನಾಡಿನ ಈ ಅಲ್ ಖೋಬರಿನಲ್ಲಿ ಓದಲು ಬೇರೆ ಏನು ಸಿಗುತ್ತದೆ? ಒಂದನ್ನೂ ಬಿಡದೆ ಓದಿದೆ. ಜರ್ಮನ್ ಪೊಲೀಸರ ಹಳೇ ಪಿಸ್ತೂಲುಗಳ ವಿಷಯದಲ್ಲಿ ನಾನೊಬ್ಬ ಪಂಡಿತ ಎಂದು ಕ್ಯಾಂಟೀನಿನಲ್ಲಿ ಕೊರೆದೆ. ತುಂಬಿದ ಕೊಡ ತುಳುಕುವುದಿಲ್ಲ. ನನ್ನದು ಅರ್ಧ ಕೊಡ.

ನಮ್ಮ ಇಕಾಮಾ ಎಂಬ ವಾಸದ ಪರವಾನಗಿ, ವೀಸಾ ಕೆಲಸ ನೋಡಿಕೊಳ್ಳುವ ಬಂಟ್ವಾಳದ ಹಂಝಾಕ ಇದನ್ನು ಕಫೀಲನ, ಅಂದರೆ ನಮ್ಮನ್ನು ವೀಸಾ ಕೊಟ್ಟು ಕರೆಸಿಕೊಂಡ ಅರಬ್ಬಿ ಯಜಮಾನನ, ಕಿವಿಗೆ ಹಾಕಿದರು. ಕಫೀಲನ ತಂದೆ, ಎಂಬತ್ತು ದಾಟಿದ ಅಜ್ಜ, ಹೊಫೂಫಿನಲ್ಲಿದ್ದಾರೆ. ಅಜ್ಜನ ಮೊಮ್ಮಗ ಫಹದ್ ಪೊಲೀಸ್ ಆಫೀಸರ್ ಆಗಿದ್ದಾನೆ. ಮನೆಯಲ್ಲಿದ್ದ ಹಳೇ ಜರ್ಮನ್ ಪೊಲೀಸ್ ಪಿಸ್ತೂಲನ್ನು ಅಜ್ಜ ಅವನಿಗೆ ಕೊಡುವ ದಿನ. "ಗೊತ್ತಿರುವವನನ್ನು ಕರೆದುಕೊಂಡು ಬಾ" ಎಂದು ಹಂಝಾಕರಿಗೆ ಹೇಳಿಕಳಿಸಿದ್ದರು.

ದಾರಿಯಲ್ಲಿ ಹಂಝಾಕ ಕ್ಯಾಸೆಟ್ ಸದ್ದು ಇಳಿಸಿ ಕೇಳಿದರು. "ಪೊರ್ಬುಗಳೇ, ನಿಮ್ಮ ಅಕ್ಕನ ಮಗಳ ಸಂಬಂಧ ಎಂತ ಆಯ್ತು? ಆ ದಮ್ಮಾಮಿನ ಹುಡುಗ?"

"ಅದು ಬೇಡ ಎಂದು ಹೋದ ವಾರವೇ ಅಕ್ಕನಿಗೆ ಹೇಳಿದೆ. ಎಲ್ಲ ಕಡೆ ವಿಚಾರಿಸಿದೆ ಹಂಝಾಕ. ತಂದೆ ನಮ್ಮ ಕಡೆಯವರೇ. ತಾಯಿ ಕೇರಳದವರು, ಮದುವೆಗೆ ಮೊದಲು ನಮ್ಮ ಮತದವರೂ ಅಲ್ಲವಂತೆ."

"ಓ" ಎಂದರು ಹಂಝಾಕ. ಕ್ಯಾಸೆಟ್ ಸದ್ದು ಏರಿಸಿದರು.

ಮಜ್ಲಿಸ್‌ನಲ್ಲಿ, ಅಂದರೆ ಅವರು ಗಂಡಸರನ್ನು ಕೂರಿಸುವ ಚಾವಡಿಯಲ್ಲಿ, ನೆಂಟರೆಲ್ಲ ಸುತ್ತ ಕುಳಿತಿದ್ದರು. ಕಾಫಿ, ಖರ್ಜೂರ ಬಂತು. ಆಮೇಲೆ ಬಟ್ಟೆ ಸುತ್ತಿದ ಪಿಸ್ತೂಲು ಬಂತು. ಫಹದ್ ಅದನ್ನು ಬಿಚ್ಚಿ, ಗುಂಡಿಲ್ಲವೆಂದು ಎರಡು ಸಲ ನೋಡಿ, ನನ್ನ ಕೈಗೆ ಕೊಟ್ಟ. "ಓದಿ ಹೇಳಿ ಸರ್" ಎಂದ ಇಂಗ್ಲಿಷಿನಲ್ಲಿ. ಹುಡುಗನ ಮುಖ ಹಬ್ಬದ ದಿನದ ಹಾಗೆ ಅರಳಿತ್ತು.

ನನಗೆ ರೆಕ್ಕೆ ಬಂತು. ಹಿಡಿಕೆಯ ಮುಂಭಾಗದಲ್ಲಿ ಕೊರೆದ ಅಕ್ಷರಗಳನ್ನು ತೋರಿಸಿದೆ. ಇದು ಯಾವ ಠಾಣೆಯ ತುಕಡಿಯದ್ದು ಎಂಬ ಗುರುತು. ಅದರ ಮೇಲೆ ಅಡ್ಡ ಗೆರೆ ಎಳೆದು ಕೆಳಗೆ ಇನ್ನೊಂದು ಗುರುತು, ಅಂದರೆ ಬೇರೆ ತುಕಡಿಗೆ ವರ್ಗವಾಗಿದೆ. ಪಕ್ಕದಲ್ಲಿರುವ ತೆಳ್ಳನೆ ಪಟ್ಟಿ ಪೊಲೀಸರು ಆಮೇಲೆ ಕೂರಿಸಿಕೊಂಡದ್ದು, ಅಕಸ್ಮಾತ್ ಗುಂಡು ಹಾರದಿರಲಿ ಎಂದು. ಹಂಝಾಕ ಅದನ್ನು ಅರಬ್ಬಿಯಲ್ಲಿ ಹೇಳಿದಾಗ ಅಜ್ಜ ತಲೆದೂಗಿದರು. ನೆಂಟರು 'ಮಾಶಾಅಲ್ಲಾ' ಎಂದರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ನಾನು ನಾನಾಗುವುದು ಹೇಗೆ?

ಈ ಪಿಸ್ತೂಲುಗಳಲ್ಲಿ ಸಣ್ಣ ಸಣ್ಣ ಭಾಗಕ್ಕೂ ಒಂದೇ ನಂಬರಿನ ಕೊನೆಯ ಎರಡು ಅಂಕೆ ಹೊಡೆದಿರುತ್ತಾರೆ. ಇದರಲ್ಲಿ ಎಲ್ಲ ಕಡೆ ನಲವತ್ತೇಳು. ಟ್ರಿಗರಿನ ಮೇಲೆ ಕೂರುವ ಪಕ್ಕದ ಮುಚ್ಚಳದಲ್ಲಿ ಮಾತ್ರ ಹನ್ನೆರಡು. ನಾನು ಬೆರಳಿಟ್ಟು, ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ.

"ಈ ಭಾಗ ಇದರದ್ದಲ್ಲ. ಯಾವುದೋ ಬೇರೆ ಪಿಸ್ತೂಲಿನದ್ದನ್ನು ತಂದು ಜೋಡಿಸಿದ್ದಾರೆ. ಇದು ಒರಿಜಿನಲ್ ಅಲ್ಲ. ಕಲೆಕ್ಟರ್‌ಗಳು ಇಂಥದ್ದನ್ನು ಮುಟ್ಟುವುದಿಲ್ಲ."

ಫಹದ್ ಪಿಸ್ತೂಲನ್ನು ನನ್ನ ಕೈಯಿಂದ ತೆಗೆದುಕೊಂಡು ಬಟ್ಟೆಯ ಮೇಲೆ ಇಟ್ಟ. ಕೈಯನ್ನು ಮೆಲ್ಲನೆ ತೊಡೆಗೆ ಒರೆಸಿಕೊಂಡ. ಹಂಝಾಕ ನನ್ನ ಬೆನ್ನು ಚಿವುಟಿದರು.

"ಹಿಂದಿ ಏನೆಂದ?" ಎಂದು ಅಜ್ಜ ಕೇಳಿದರು. (ಇಲ್ಲಿ ನಾವೆಲ್ಲ 'ಹಿಂದಿ'ಗಳೇ.)

"ತುಂಬಾ ಒಳ್ಳೆಯದುಂಟು ಎನ್ನುತ್ತಿದ್ದಾರೆ" ಎಂದು ಹಂಝಾಕ ಅರಬ್ಬಿಯಲ್ಲಿ ತೇಪೆ ಹಾಕಿದರು. ಆದರೆ ಹುಡುಗ ಅಜ್ಜನಿಗೆ ಸುಳ್ಳು ಹೇಳುವವನಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಅಜ್ಜ ಬೈದಿದ್ದರೆ ನಾನು ಬದುಕುತ್ತಿದ್ದೆ. ಅವರು ನಕ್ಕರು. ಪಿಸ್ತೂಲು ಎತ್ತಿಕೊಂಡು, ಒಂದು ಸಣ್ಣ ಕೀಲು ತಿರುಗಿಸಿ, ಆ ಮುಚ್ಚಳವನ್ನು ಕಳಚಿ ಅಂಗೈಯಲ್ಲಿಟ್ಟರು. ಮಾತಾಡತೊಡಗಿದರು. ಹಂಝಾಕ ನನ್ನ ಕಿವಿಯಲ್ಲಿ ಹೇಳುತ್ತಾ ಹೋದರು.

ಅಜ್ಜನ ತಂದೆಗೂ ಪಕ್ಕದ ಖರ್ಜೂರದ ತೋಟದವರಿಗೂ ನೀರಿನ ವಿಷಯದಲ್ಲಿ ಹಗೆ. ವರ್ಷಗಟ್ಟಲೆ. ಎರಡೂ ಮನೆಯಲ್ಲಿ ಇಂಥದೇ ಪಿಸ್ತೂಲು, ಬಸ್ರಾದ ಒಬ್ಬನೇ ವ್ಯಾಪಾರಿಯಿಂದ ಕೊಂಡದ್ದು. ಕೊನೆಗೆ ಹಿರಿಯರು ಕೂರಿಸಿ ರಾಜಿ ಮಾಡಿಸಿದರು. ಆ ದಿನ ಇಬ್ಬರೂ ತಮ್ಮ ಪಿಸ್ತೂಲಿನ ಮುಚ್ಚಳ ಕಳಚಿ ಇನ್ನೊಬ್ಬರಿಗೆ ಕೊಟ್ಟರು. ಈ ಮುಚ್ಚಳ ಇಲ್ಲದಿದ್ದರೆ ಟ್ರಿಗರ್ ಎಳೆದರೂ ಗುಂಡು ಹಾರುವುದಿಲ್ಲ. ಅವರ ತುಂಡಿಲ್ಲದೆ ಇದು ನಡೆಯದು, ಇವರ ತುಂಡಿಲ್ಲದೆ ಅದು ನಡೆಯದು. ಮತ್ತೆ ಯಾರು ಯಾರ ಮೇಲೆ ಎತ್ತುವುದು?

ಮರುವರ್ಷ ಆ ಮನೆಯ ಹುಡುಗಿ ಈ ಮನೆಗೆ ಸೊಸೆಯಾಗಿ ಬಂದಳು. ಅಜ್ಜನ ಹೆಂಡತಿ. ಫಹದನ ಅಜ್ಜಿ. ಆಗ ನಾನು ತಿನ್ನುತ್ತಿದ್ದ ಖರ್ಜೂರಕ್ಕೆ ಒಳಗೆ ಕುಳಿತು ಎಳ್ಳು ಹಚ್ಚಿ ಕಳಿಸಿದವರು.

ಈ ಕಥೆಯನ್ನು ಊಟದ ಮೇಲೆ ಮೊಮ್ಮಗನಿಗೆ ಹೇಳೋಣ ಎಂದು ಅಜ್ಜ ಇಷ್ಟು ವರ್ಷ ಕಾದಿದ್ದರಂತೆ. ನಾನು ಊಟಕ್ಕೆ ಮೊದಲೇ ಅದರ ಮೇಲೆ ಕಾಲಿಟ್ಟಿದ್ದೆ. ಕ್ಷಮೆ ಕೇಳಲು ಅರಬ್ಬಿಯಲ್ಲಿ ಮಾತು ಬರಲಿಲ್ಲ. ಕನ್ನಡದಲ್ಲಾದರೂ ಬರುತ್ತಿತ್ತೇ? ಅಜ್ಜ ತಾವೇ ಎದ್ದು ನನ್ನ ಕಪ್ಪಿಗೆ ಕಾಫಿ ಹಾಕಿದರು. ಫಹದ್ ಆ ಮುಚ್ಚಳವನ್ನು ಎತ್ತಿಕೊಂಡು, ಹನ್ನೆರಡು ಎಂಬ ಅಂಕೆಯ ಮೇಲೆ ಹೆಬ್ಬೆರಳು ಆಡಿಸುತ್ತಾ ಕುಳಿತ. ಅದನ್ನೊಂದು ನೋಡಿ ಸ್ವಲ್ಪ ಉಸಿರು ಬಂತು.

ವಾಪಸು ಬರುವಾಗ ಹಂಝಾಕ ಅಬ್ಕೈಕ್ ದಾಟಿದ ಮೇಲೆ ಅಂದರು. "ಅಲ್ಲ ಮಾರಾಯ್ರೆ, ನಂಬರ್ ಬೇರೆ ಉಂಟು ಅಂತ ಕಂಡಿತಲ್ಲ. ಯಾಕೆ ಬೇರೆ ಉಂಟು ಅಂತ ಒಂದು ಮಾತು ಕೇಳಲಿಕ್ಕೆ ನಿಮಗೆ ಎಂತ ದಾಡಿ?"

ನಾನು ಕಿಟಕಿಯ ಹೊರಗೆ ನೋಡಿದೆ. ಮರಳು ಬಿಟ್ಟರೆ ಏನೂ ಇರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಮೀನು ಬಡಿಸುತ್ತಾ ಅಂದಳು. "ನಾಳೆ ಅಕ್ಕನಿಗೆ ಮತ್ತೊಮ್ಮೆ ಫೋನ್ ಮಾಡಿ." ಯಾಕೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಶುಕ್ರವಾರ ಟೆಲಿಫೋನ್ ಬೂತಿನ ಮುಂದೆ ಕ್ಯೂ ನಿಂತು ಲೈನ್ ಹಿಡಿದೆ. ಊರಿನಲ್ಲಿ ಅಕ್ಕ ಪಕ್ಕದ ಮನೆಯ ಫೋನಿಗೆ ಓಡಿಬಂದಳು. ಆ ಸಂಬಂಧವನ್ನು ಇನ್ನೊಮ್ಮೆ ನೋಡೋಣ ಎಂದೆ. ಅಕ್ಕ ಏದುಸಿರಿನಲ್ಲೇ, "ಅದೆಲ್ಲ ಇರಲಿ, ಹುಡುಗ ಹೇಗಿದ್ದಾನೆ ಮಾರಾಯ?" ಎಂದಳು.

ದಮ್ಮಾಮು ನನ್ನ ಮನೆಯಿಂದ ಅರ್ಧ ಗಂಟೆಯ ದಾರಿ. ಆ ಹುಡುಗನನ್ನು ನಾನು ಇದುವರೆಗೆ ಕಣ್ಣಲ್ಲೂ ನೋಡಿಲ್ಲ.