ಸೋಮವಾರ ನೆಟ್ಟಗಾಗುವ ಗೋಡೆಗಳು

ಸೋಮವಾರ, ಬೆಳಗಿನ ಐದೂವರೆ. ಇನ್ನೂ ಛಾವಣಿ ಕಾಣದ ಮನೆಯೊಳಗೆ ಗಾರೆ ಮೇಸ್ತ್ರಿಯೊಬ್ಬರು ಗೋಡೆ ಕಟ್ಟುತ್ತಿಲ್ಲ, ಬಿಚ್ಚುತ್ತಿದ್ದಾರೆ. ದಾರದ ತುದಿಯ ತೂಕದ ಗುಂಡು ಇಳಿಬಿಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಗಾರೆ ಮೆತ್ತುವ ಕರಣೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ಒಂದೊಂದೇ ಇಟ್ಟಿಗೆ ಕೆಳಗಿಳಿಸುತ್ತಾರೆ. "ಗಾರೆ ಇನ್ನೂ ಹಸಿ ಇದೆ. ಬಿಸಿಲೇರಿದ್ರೆ ಮುಗೀತು, ಜಪ್ಪಯ್ಯ ಅಂದ್ರೂ ಜಗ್ಗಲ್ಲ."

ಬಾಡಿಗೆ ಕೋಣೆಗಳಲ್ಲಿ ಉಸಿರು ಬಿಗಿಹಿಡಿದು ಬದುಕುವ ಕುಟುಂಬಗಳಿಗೆ ಇಲ್ಲಿನ ಸೇವಾಸಂಸ್ಥೆಯೊಂದು ಕೈಗೆಟಕುವಂಥ ಮನೆ ಕಟ್ಟಿಕೊಡುತ್ತದೆ. ಭಾನುವಾರ ಸ್ವಯಂಸೇವಕರು ಬರುತ್ತಾರೆ: ಬ್ಯಾಂಕಿನವರು, ಮೇಷ್ಟ್ರುಗಳು, ಒಬ್ಬ ಹಲ್ಲಿನ ಡಾಕ್ಟರು. ಉತ್ಸಾಹಕ್ಕೇನೂ ಬರವಿಲ್ಲ, ಗೋಡೆ ಮಾತ್ರ ಸೊಟ್ಟ. ಹನ್ನೊಂದು ವರ್ಷಗಳಿಂದ ಈ ಮೇಸ್ತ್ರಿ ಸೋಮವಾರ ಬಂದು, ಅವರಿಗೆ ಗೊತ್ತಾಗದಂತೆ ಅದನ್ನು ನೆಟ್ಟಗೆ ಮಾಡಿ, ಎಂಟಕ್ಕೆ ತಮ್ಮ ಕೂಲಿಗೆ ಹೊರಡುತ್ತಾರೆ. ಇದು ನಲವತ್ತಮೂರನೆಯ ಮನೆ. ಸಂಬಳವಿಲ್ಲ. ವಿಷಯ ಗೊತ್ತಿದ್ದುದು ಸಂಸ್ಥೆಯ ಉಸ್ತುವಾರಿ ನೋಡುವವರೊಬ್ಬರಿಗೇ.

"ಪಾಪ, ಬೆರಳು ಜಜ್ಜಿಕೊಂಡು ಕಟ್ಟಿರ್ತಾರೆ. ಸೊಟ್ಟ ಅಂದ್ರೆ ಮುಂದಿನ ವಾರ ಬರ್ತಾರಾ? ಹಾಗಂತ ಬಿಟ್ಬಿಟ್ರೆ ಒಳಗೆ ಮಲಗೋರ ಗತಿ?" ಎನ್ನುತ್ತಾರೆ ಮೇಸ್ತ್ರಿ.

ಚಿಕ್ಕಂದಿನಲ್ಲಿ ಇವರ ಬಾಡಿಗೆ ಕೋಣೆಯ ಗೋಡೆ ಕುಸಿದು ತಂಗಿಯ ಕಾಲು ಮುರಿದಿತ್ತು. ಆಕೆ ಇಂದಿಗೂ ಕುಂಟುತ್ತಾರೆ. ಒಳ್ಳೆಯ ಮನಸ್ಸಿನಿಂದ ಕಟ್ಟಿದ ಗೋಡೆಯೂ ಬೀಳಬಹುದೆಂದು ನಾನಂತೂ ಯೋಚಿಸಿರಲಿಲ್ಲ.

ಕಳೆದ ತಿಂಗಳು ಗುಟ್ಟು ರಟ್ಟಾಯಿತು. ಈ ಮನೆಗೆ ಬರಲಿರುವಾಕೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವರು. ಅವರ ಇಬ್ಬರು ಹೆಣ್ಣುಮಕ್ಕಳು ಈಗ ಮಲಗುವುದು ಚೂರುಚೂರಾಗಿ ಉದುರುವ ಛಾವಣಿಯ ಕೆಳಗೆ. ಮನೆಯವರೂ ಕೈ ಜೋಡಿಸಬೇಕೆಂಬುದು ಸಂಸ್ಥೆಯ ನಿಯಮ. ಹಾಗಾಗಿ ಮಕ್ಕಳ ಕೋಣೆಯ ಗೋಡೆಯನ್ನು ಆಕೆಯೇ ಕಟ್ಟಿದ್ದರು. ಮರುದಿನ ಕೆಲಸಕ್ಕೆ ಹೋಗುವ ಮುನ್ನ ಅದನ್ನು ಕಣ್ತುಂಬ ನೋಡಲು ಬಂದರೆ, ಯಾರೋ ಕೀಳುತ್ತಿದ್ದಾರೆ!

"ಯಾರ್ರೀ ನೀವು? ನಮ್ಮನೆ ಗೋಡೆ ಯಾಕ್ರೀ ಕೀಳ್ತಿದ್ದೀರಿ?"

ಮೇಸ್ತ್ರಿ ತಬ್ಬಿಬ್ಬಾದರು. "ಗೋಡೆ ವಾಲಿದೆಯಮ್ಮ. ಇಲ್ಲಿ ಮಕ್ಕಳು ಮಲಗ್ತಾರಲ್ವಾ?"

ಆಕೆ ಇಟ್ಟಿಗೆ ರಾಶಿಯ ಮೇಲೆ ಕುಸಿದು ಕೂತು ಅತ್ತರು. ಅತ್ತು ಮುಗಿದ ಮೇಲೆ ಕೈ ಚಾಚಿದರು. "ಕೊಡಿ ಆ ಕರಣೆ. ನೀವು ಮುಟ್ಟಬೇಡಿ ಅಣ್ಣ. ಹೇಳಿಕೊಡಿ, ನಾನೇ ಕಟ್ತೀನಿ."

ಮೂರು ಸೋಮವಾರ ಹಿಡಿಯಿತು. ಎರಡು ಸಲ ಗೋಡೆ ಮತ್ತೆ ವಾಲಿತು, ಎರಡು ಸಲವೂ ಗಾರೆ ಒಣಗುವ ಮುನ್ನ ಆಕೆಯೇ ಬಿಚ್ಚಿದರು. "ನಾಲಿಗೆ ತುದೀಗೆ ಬರ್ತಿತ್ತು, 'ಬಿಡಮ್ಮ, ನಾನು ಮುಗಿಸ್ತೀನಿ' ಅಂತ. ತುಟಿ ಕಚ್ಕೊಂಡು ಕೂತೆ," ಎನ್ನುತ್ತಾರೆ ಮೇಸ್ತ್ರಿ.

ಇದನ್ನೆಲ್ಲ ಬರೆಯಬಹುದೇ ಎಂದರೆ ತಲೆ ಕೆರೆದುಕೊಳ್ಳುತ್ತಾರೆ. "ಬರೀರಿ. ಭಾನುವಾರದೋರು ಓದಿದ್ರೂ ಪರ್ವಾಗಿಲ್ಲ. ಎಲ್ಲರೂ ಸೊಟ್ಟಗಿದ್ದದ್ದು ಪಕ್ಕದವರ ಗೋಡೆ ಅಂದ್ಕೋತಾರೆ."

ಮುಂದಿನ ವಾರ ಛಾವಣಿ. ಮೇಸ್ತ್ರಿ ನನ್ನನ್ನು ಮನೆಯಿಡೀ ಸುತ್ತಿಸುತ್ತ, ಎಲ್ಲೆಲ್ಲಿ ಎಷ್ಟು ಸಾಲು ಬದಲಿಸಿದ್ದೇನೆಂದು ತೋರಿಸುತ್ತಾರೆ. ಮಕ್ಕಳ ಕೋಣೆಗೆ ಬಂದಾಗ ಗೋಡೆಯ ಮೇಲೆ ಅಂಗೈಯಿಟ್ಟು ನಿಲ್ಲುತ್ತಾರೆ. ಮುಖದಲ್ಲಿ ಅದುವರೆಗೆ ಕಾಣದಿದ್ದ ಹೆಮ್ಮೆ.

"ನೋಡಿ, ಇದ್ರಲ್ಲಿ ನಾನಿಟ್ಟ ಇಟ್ಟಿಗೆ ಒಂದೂ ಇಲ್ಲ."