ಆಕ್ಟೋಪಸ್ಸಿನ ಜಗಳದ ಪಾಲು

ನನ್ನ ಪಿಎಚ್‌ಡಿ ಆಕ್ಟೋಪಸ್ಸಿನ ಮೇಲೆ ಎಂದಾಗ ಬಳ್ಳಾರಿಯಲ್ಲಿ ನಗದವರೇ ಇರಲಿಲ್ಲ. ನಗಲಿ ಬಿಡಿ. ಬಿಸಿಲು ಬಿಟ್ಟರೆ ಬೇರೇನೂ ಕಾಣದ ಊರಲ್ಲಿ ಕೂತು ಸಮುದ್ರದ ಪ್ರಾಣಿಯ ಚಿಂತೆ ಮಾಡುವುದು ನನಗೂ ಒಮ್ಮೊಮ್ಮೆ ತಮಾಷೆ ಅನ್ನಿಸುತ್ತಿತ್ತು. ಆಗ ನಾನು ದಿನಾ ಸಿರುಗುಪ್ಪದಿಂದ ಬಸ್ಸು ಹಿಡಿದು ಬಳ್ಳಾರಿಯ ಒಂದು ಕಾಲೇಜಿಗೆ ಪ್ರಾಣಿಶಾಸ್ತ್ರ ಕಲಿಸಲು ಬರುತ್ತಿದ್ದೆ.

ನನ್ನ ವಾದ ಸಣ್ಣದು. ಕಾರವಾರದ ಕಡೆ ಮೀನುಗಾರ ಹೆಂಗಸರು ಒಂದೇ ಬುಟ್ಟಿಯಲ್ಲಿಟ್ಟು, ಒಂದೇ ಹೆಸರು ಹೇಳಿ ಮಾರುವ ಆಕ್ಟೋಪಸ್ಸುಗಳಲ್ಲಿ ಎರಡು ಜಾತಿಗಳಿವೆ ಎಂಬುದು. ಕಣ್ಣಿಗೆ ಅದು ತಿಳಿಯುವುದಿಲ್ಲ. ಮೈಯಲ್ಲಿ ಎಲುಬಿಲ್ಲ, ಬಣ್ಣವೋ ಗಳಿಗೆಗೊಂದು. ಸತ್ತ ಮೇಲಂತೂ ಎಲ್ಲವೂ ಒಂದೇ ಥರದ ಬಿಳಿಚಿದ ಮುದ್ದೆ. ತೋಳಿನ ಒಂದು ಚೂರು ಕತ್ತರಿಸಿ ಅದರ ಡಿಎನ್‌ಎ ಓದಿದರೆ ಮಾತ್ರ ಯಾವುದು ಯಾವುದೆಂದು ಗೊತ್ತಾಗುತ್ತದೆ. ಚೂರನ್ನು ಸ್ಪಿರಿಟ್‌ನಲ್ಲಿ ಇಡಬೇಕು. ಫಾರ್ಮಲಿನ್‌ನಲ್ಲಿ ಇಟ್ಟರೆ ಡಿಎನ್‌ಎ ಕೆಟ್ಟುಹೋಗಿ ಓದಲು ಬರದಂತಾಗುತ್ತದೆ.

ಆಕ್ಟೋಪಸ್ ತರುವವರು ಯಾರು? ಅದು ಗಣಿಯ ಅಬ್ಬರದ ಕಾಲ. ಅದಿರು ತುಂಬಿದ ಲಾರಿಗಳು ಸಾಲುಗಟ್ಟಿ ಕಾರವಾರದ ಕಡೆಯ ಬಂದರಿಗೆ ಹೋಗಿ ಖಾಲಿ ಬರುತ್ತಿದ್ದವು. ಕುರುಗೋಡಿನ ಒಬ್ಬ ಸಾಹೇಬರು ಅಂಥ ಲಾರಿಯ ಡ್ರೈವರ್. ಅವರ ಮಗಳು ನನ್ನ ವಿದ್ಯಾರ್ಥಿನಿ. ನಾನು ಕೊಟ್ಟ ಸ್ಪಿರಿಟ್ ಬಾಟಲಿಗಳನ್ನು ಅವರು ಒಯ್ದು, ಬಂದರಿನಲ್ಲಿ ಸಿಕ್ಕ ಸಣ್ಣ ಸಣ್ಣ ಆಕ್ಟೋಪಸ್ಸುಗಳನ್ನು ಬಾಟಲಿಗೊಂದರಂತೆ ಹಾಕಿ, ಸಿಕ್ಕ ಜಾಗ, ದಿನ ಬರೆದ ಚೀಟಿ ಅಂಟಿಸಿ ತರುತ್ತಿದ್ದರು. ಕೆಂಪು ಧೂಳು ಮೆತ್ತಿದ ಆ ಬಾಟಲಿಗಳನ್ನು ನಾನು ಸೆರಗಿನಿಂದ ಒರೆಸಿ ಕಪಾಟಿನಲ್ಲಿ ಜೋಡಿಸಿಡುತ್ತಿದ್ದೆ. ಹೀಗೆ ಎರಡು ವರ್ಷ. ಬರುವ ಬೇಸಿಗೆ ಮುಗಿಯುವುದರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನನ್ನ ನೋಂದಣಿಯೇ ರದ್ದಾಗುವುದಿತ್ತು.

ಒಂದು ಸೋಮವಾರ ಹೋಗಿ ನೋಡಿದರೆ ಕಪಾಟು ಖಾಲಿ! ಚೀಟಿ ಅಂಟಿಸಿದ ಬಾಟಲಿ ಒಂದೂ ಇಲ್ಲ. ಲ್ಯಾಬಿನ ಬಾಗಿಲಲ್ಲಿ ಮೇಜಿನ ಮೇಲೆ ಒಂದು ದೊಡ್ಡ ಗಾಜಿನ ಜಾಡಿ. ಅದರ ತುಂಬ ನನ್ನ ಆಕ್ಟೋಪಸ್ಸುಗಳು, ಒಂದರ ಮೇಲೊಂದು. ಮೂಗಿಗೆ ಹೊಡೆದದ್ದು ಫಾರ್ಮಲಿನ್.

ಅಟೆಂಡರ್ ಗೋಡೆ ನೋಡುತ್ತ ಹೇಳಿದ: "ನಂದೇನೂ ತಪ್ಪಿಲ್ರಿ ಮೇಡಂ. ಪ್ರಿನ್ಸಿಪಾಲ್ರು ಹೇಳಿದ್ರು. ಎಲ್ಲಾ ಒಂದ ಥರ ಅದಾವು, ಒಂದ್ರಾಗ ಹಾಕು, ನೋಡಾಕ ಛಂದ ಕಾಣ್ತೈತಿ ಅಂತ."

ಅವತ್ತು ಹೊಸ ಲ್ಯಾಬಿನ ಉದ್ಘಾಟನೆ. ಕಟ್ಟಿಸಿಕೊಟ್ಟ ಗಣಿ ಧಣಿಗೆ ತೋರಿಸಲು ಏನಾದರೂ ಭಾರೀ ವಸ್ತು ಬೇಕಿತ್ತಂತೆ. ಆ ಧಣಿ ಬಂದ, ಕಿವಿಗಿಟ್ಟ ಮೊಬೈಲು ತೆಗೆಯದೆ ತೆಲುಗಿನಲ್ಲಿ ಯಾರನ್ನೋ ಬೈಯುತ್ತ ಜಾಡಿಯನ್ನು ದಾಟಿ ಹೋದ. ಒಮ್ಮೆ ತಿರುಗಿಯೂ ನೋಡಲಿಲ್ಲ! ನನ್ನ ಎರಡು ವರ್ಷವನ್ನು ಹಾಳು ಮಾಡಿದ್ದು ಈ ಮನುಷ್ಯನ ಬೆನ್ನಿಗೆ ತೋರಿಸುವುದಕ್ಕೆ.

ನಾನು ಸೀದಾ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದೆ. ಅವರು ಹಾರದ ಹೂವು ಕೊಡವಿಕೊಳ್ಳುತ್ತ, "ಯಾಕಮ್ಮಾ ಇಷ್ಟು ಸಿಟ್ಟು? ಒಂದೂ ಚೆಲ್ಲಿಲ್ಲ. ಎಲ್ಲಾ ಅದರಾಗ ಅದಾವಲ್ಲ?" ಎಂದರು.

"ಸಾರ್, ಗಣಿಯವರು ಎರಡು ಗುಡ್ಡೆ ಕೆಂಪು ಮಣ್ಣು ಒಂದೇ ಥರ ಕಾಣುತ್ತದೆ ಅಂತ ಕಲಸುತ್ತಾರೇನು? ಸ್ಯಾಂಪಲ್ ತೆಗೆದು, ಚೀಲಕ್ಕೆ ಸೀಲು ಹಾಕಿ, ಕಬ್ಬಿಣ ಎಷ್ಟು ಅಂತ ಪರೀಕ್ಷೆ ಮಾಡಿಸುವುದಿಲ್ಲವೇ? ಮಣ್ಣಿಗಿರುವ ಮರ್ಯಾದೆ ನನ್ನ ಕೆಲಸಕ್ಕಿಲ್ಲವೇ?"

ಅವರು ನಕ್ಕರು. "ಅದು ವ್ಯಾಪಾರ ಕಣಮ್ಮಾ," ಎಂದರು. ಆ ನಗುವನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಮರುದಿನ ಕುರುಗೋಡಿಗೆ ಹೋದೆ. ಇನ್ನು ಆಕ್ಟೋಪಸ್ ತರುವುದು ಬೇಡ ಎಂದು ಸಾಹೇಬರಿಗೆ ಹೇಳಬೇಕಿತ್ತು. ಹೇಳುತ್ತ ಹೇಳುತ್ತ ಅವರ ಮನೆಯ ಪಡಸಾಲೆಯಲ್ಲಿ, ಅವರ ಮಗಳ ಎದುರಿಗೇ ಗಳಗಳನೆ ಅತ್ತುಬಿಟ್ಟೆ. ಸಾಹೇಬರು ಪೂರ್ತಿ ಕೇಳಿ, "ಹೌದಾ, ಎಲ್ಲಾ ಕಲಸಿಬಿಟ್ಟಾರಾ?" ಎಂದವರು ಎದ್ದು ಒಳಗೆ ಹೋಗಿ, ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿ ತಂದರು.

ಒಳಗೆ ಸಾಲಾಗಿ ಔಷಧಿಯ ಪುಟ್ಟ ಪುಟ್ಟ ಬಾಟಲಿಗಳು. ಒಂದೊಂದರಲ್ಲೂ ಸ್ಪಿರಿಟ್, ಅದರಲ್ಲೊಂದು ತೋಳಿನ ತುದಿ. ಮೇಲೆ ಅದೇ ಜಾಗ, ಅದೇ ದಿನ ಬರೆದ ಚೀಟಿ.

"ಇದೇನ್ರಿ ಸಾಹೇಬ್ರ?"

"ಜಗಳದ ಪಾಲು ಮೇಡಂ. ಲಾರಿ ಹಿಡಿಯೋಕಿಂತ ಮೊದ್ಲು ನಾನು ಅದಿರಿನ ಸ್ಯಾಂಪಲ್ ತೆಗಿಯೋ ಕೆಲ್ಸದಾಗ ಇದ್ದೆ. ಒಂದ್ ಸ್ಯಾಂಪಲ್ ತಗದ್ರ ಮೂರು ಪಾಲು ಮಾಡ್ತೀವಿ. ಮಾರೋರಿಗೊಂದು, ಕೊಳ್ಳೋರಿಗೊಂದು. ಮೂರನೇದು ಸೀಲ್ ಮಾಡಿ ಇಡೋದು, ನಾಳೆ ತಕರಾರು ಬಂದ್ರ ತಗಿಯಾಕ. ನೀವೂ ಸ್ಯಾಂಪಲ್ ಅಂದ್ರಿ. ಪಾಲು ತಗದಿಡದ ಹೆಂಗ ಕೊಡ್ಲಿ?"

"ಮತ್ತೆ ನನಗ್ಯಾಕ ಹೇಳಲಿಲ್ಲ?"

"ಜಗಳದ ಪಾಲಿನ ಮಾತು ಜಗಳ ಆಗೋತನಕ ಎತ್ತಬಾರ್ದು ಮೇಡಂ. ಹಂಗ ನಮ್ಮ ಪದ್ಧತಿ."

ತುದಿಯಿಲ್ಲದ ತೋಳುಗಳನ್ನು ನಾನೇ ಎಷ್ಟೋ ಸಲ ನೋಡಿದ್ದೆ. ಬಲೆಗೆ ಸಿಕ್ಕು ಹರಿದಿರಬೇಕು ಅಂದುಕೊಂಡಿದ್ದೆ. ಎಂಥ ಸಂಶೋಧಕಿ ನಾನು! ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬಂದೆ. ಕಂಡಕ್ಟರು ಕೆಳಗಿಡಿ ಎಂದರೂ ಇಡಲಿಲ್ಲ.

ಚೂರುಗಳು ಕರಾವಳಿಯ ಒಂದು ಪ್ರಯೋಗಾಲಯಕ್ಕೆ ಹೋದವು. ಫಲಿತಾಂಶ ಬೇಸಿಗೆ ಮುಗಿಯುವ ಮುಂಚೆಯೇ ಬಂತು. ಎರಡು ಜಾತಿ. ಅನುಮಾನಕ್ಕೆ ಜಾಗವೇ ಇಲ್ಲದ ಹಾಗೆ, ಎರಡು ಜಾತಿ. ಪ್ರಬಂಧವನ್ನು ಗಡುವಿನೊಳಗೇ ಒಪ್ಪಿಸಿದೆ.

ಪತ್ರಿಕೆಯಲ್ಲಿ ಸುದ್ದಿ ಬಂದ ದಿನ ಪ್ರಿನ್ಸಿಪಾಲರೇ ಲ್ಯಾಬಿಗೆ ಬಂದರು, ಕೈಯಲ್ಲಿ ಬಿಳಿ ಚೀಟಿ, ಗೋಂದು. "ಶಭಾಷ್ ಕಣಮ್ಮಾ! ಈಗ ಜಾಡಿ ಮೇಲೆ ಎರಡೂ ಹೆಸರು ಬರಿ. ಯಾವುದು ಯಾವುದು ಅಂತ ಗುರುತು ಹಾಕು. ಬಂದೋರಿಗೆ ತೋರಸಾಕ ಆಗ್ತೈತಿ," ಎಂದರು.

ನಾನು ಪೆನ್ನು ತೆರೆದು ಜಾಡಿಯ ಪಕ್ಕ ನಿಂತೆ. "ನೀವು ತೋರಿಸ್ರಿ ಸಾರ್. ಇದು ಯಾವುದು, ಅದು ಯಾವುದು ಅಂತ ಒಂದೊಂದನ್ನೇ ಬೆರಳು ಮಾಡಿ ಹೇಳ್ರಿ. ನಾನು ಬರೀತೀನಿ."

ಅವರು ಬಗ್ಗಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಬಗ್ಗಿದರು. ಜಾಡಿಯನ್ನು ಒಂದು ಸುತ್ತು ಹಾಕಿದರು. ಅಟೆಂಡರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕೊನೆಗೆ ಅವರು ಚೀಟಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು.

ಆ ಖಾಲಿ ಚೀಟಿಯನ್ನೇ ನಾನು ಜಾಡಿಗೆ ಅಂಟಿಸಿದೆ. ಅವರು ನಿವೃತ್ತರಾಗುವವರೆಗೂ ಅದನ್ನು ಕೀಳಲು ನಾನು ಯಾರನ್ನೂ ಬಿಡಲಿಲ್ಲ.