ಎರ್ಲಡ್ಡುವಿನ ಐದು ಹೆಜ್ಜೆ

ದೆವ್ವ, ಶಕುನ, ಗಾಳಿ ಸೋಂಕು ಎನ್ನುವವರನ್ನು ಕಂಡರೆ ಒಂದು ಕಾಲಕ್ಕೆ ನನಗೆ ಕನಿಕರ ಬರುತ್ತಿತ್ತು. ನಾನು ಪ್ರಾಣಿಶಾಸ್ತ್ರದ ಉಪನ್ಯಾಸಕ. ಕೈಗೆ ಸಿಕ್ಕಿದ್ದನ್ನು ಅಳೆದು, ಚೀಟಿ ಕಟ್ಟಿ, ಬಾಟಲಿಗೆ ಹಾಕಿದ ಮೇಲಷ್ಟೇ ಅದು ಇದೆಯೆಂದು ಒಪ್ಪುವ ಪಂಥ ನಮ್ಮದು. ಪ್ರಾಣಿಶಾಸ್ತ್ರವೆಂದರೆ ಜೀವಿಗಳ ಅಧ್ಯಯನ ಎಂದು ಪ್ರತಿ ವರ್ಷ ಹೊಸ ಹುಡುಗರಿಗೆ ಗಂಭೀರವಾಗಿ ಸಾರಿ, ಮರುದಿನವೇ ಅವರ ಮುಂದೆ ಸತ್ತ ಕಪ್ಪೆಯನ್ನು ಅಂಗಾತ ಮಲಗಿಸುತ್ತಿದ್ದೆ. ಹೀಗಾಗಿ ಮುಂದಿನದನ್ನು ನಂಬಿರೆಂದು ನಿಮ್ಮನ್ನು ಕೇಳುವ ಮುಖ ನನಗಿಲ್ಲ.

ಎಂಬತ್ತರ ದಶಕದ ನಡುವಿನ ಒಂದು ಮುಂಗಾರು. ಯರಗುಪ್ಪಿಯ ಆಚೆಗಿದ್ದ ಗಾಯರಾಣ, ಅಂದರೆ ಊರ ದನ ಮೇಯುವ ಹುಲ್ಲುಗಾವಲು, ಉಳುಮೆಗೆ ಹಂಚಿಹೋಗುವುದರಲ್ಲಿತ್ತು. ಅಲ್ಲಿ ಎರ್ಲಡ್ಡು ಇದೆಯೆಂದು ಹುಸೇನಸಾಬನೆಂಬ ರೈತ ಕಾಲೇಜಿಗೇ ಬಂದು ಹೇಳಿದ. ಸೊಂಟದೆತ್ತರದ, ಬಯಲಲ್ಲೇ ಬದುಕುವ ಹಕ್ಕಿ ಅದು. ನಮ್ಮ ಸೀಮೆಯಲ್ಲಿ ಮುಗಿದೇ ಹೋಯಿತೆಂದು ನಾನೇ ಪಾಠ ಮಾಡುತ್ತಿದ್ದೆ. ಇದ್ದರೆ ಹಂಚಿಕೆ ನಿಲ್ಲಿಸುತ್ತೇವೆ, ಸೋಮವಾರದೊಳಗೆ ಗರಿಯೋ ಹೆಜ್ಜೆಯ ಅಚ್ಚೋ ತನ್ನಿ ಎಂದರು ಅಧಿಕಾರಿಗಳು. ಕೂಗು ಕೇಳಿತೆಂದರೆ ನಡೆಯದು. ಶಾಸ್ತ್ರದ ದೃಷ್ಟಿಯಿಂದ ಅದು ಸರಿಯಾದ ಮಾತೇ.

ಎರಡು ದಿನ ಹುಲ್ಲಿನಲ್ಲಿ ಕುಕ್ಕರಗಾಲಲ್ಲಿ ಕೂತೆವು. ಕೇಳಿದ್ದು ಕೂಗು ಮಾತ್ರ. ನೆಲದಡಿ ಕಾಳು ತುಂಬಿಡುವ ಹಗೇವು ಖಾಲಿಯಿದ್ದಾಗ ಅದರೊಳಗಿಂದ ಯಾರೋ ಹೂಂಗುಟ್ಟಿದ ಹಾಗೆ. ಭಾನುವಾರ ಸಂಜೆ, ಜಿಟಿಜಿಟಿ ಮಳೆ ನಿಂತ ಮೇಲೆ, ಆ ಕೂಗು ಹತ್ತು ಮಾರು ದೂರದಿಂದ ಬಂತು. ಹುಲ್ಲು ಅಲ್ಲಾಡಲಿಲ್ಲ. ಓಡಿಹೋಗಿ ನೋಡಿದರೆ ಹಸಿ ಎರೆಮಣ್ಣಿನಲ್ಲಿ ಐದು ಹೆಜ್ಜೆ. ಮುಂದೆ ಮೂರು ಬೆರಳು, ಹಿಂಬೆರಳಿಲ್ಲ. ಪಠ್ಯಪುಸ್ತಕವೂ ಇಷ್ಟು ವಿಧೇಯವಾಗಿರುವುದಿಲ್ಲ. ಹುಸೇನಸಾಬ ಒಂದರೊಳಗೆ ಬೆರಳಿಳಿಸಿ ಆಳ ನೋಡಿದ. ಇನ್ನೊಂದರಲ್ಲಿ ಸಗಣಿ ಹುಳವೊಂದು ಇಳಿದು, ದಾಟಿ, ಆಚೆ ದಡ ಹತ್ತಿ ಹೋಯಿತು. ಇದನ್ನು ಇಬ್ಬರೂ ಕಂಡೆವು.

ಕ್ಯಾಮೆರಾ ಕಾಲೇಜಿನ ಬೀರುವಿನಲ್ಲಿತ್ತು. ಬೀರುವಿನ ಕೀಲಿ ಪ್ರಾಂಶುಪಾಲರ ಜೊತೆ ಅವರ ಮಾವನ ಮನೆಗೆ ಹೋಗಿತ್ತು. ನಾನು ಆಸೆಬುರುಕನಂತೆ, ಒಂದನ್ನೂ ಉಳಿಸದೆ, ಅಚ್ಚು ತೆಗೆಯಲೆಂದು ತಂದಿದ್ದ ಪ್ಲಾಸ್ಟರನ್ನು ಕಲಸಿ ಐದಕ್ಕೂ ಸುರಿದೆ.

ಅದು ಗಟ್ಟಿಯಾಗುವವರೆಗೆ ಹುಸೇನಸಾಬ ಬೀಡಿ ಹಚ್ಚಿಕೊಂಡು ಕೂತ. "ಊರಾಗ ನನಗ ಹುಚ್ಚಸಾಬ ಅಂತಾರ್ರಿ ಸರ. ನಾಳಿಂದ ಏನಂತಾರ ನೋಡೂಣು," ಎಂದ.

ಅಚ್ಚುಗಳನ್ನು ಎತ್ತಿದೆ. ಐದೂ ಬರೆಯುವ ಪಾಟಿಯ ಹಾಗೆ ಸಪಾಟು. ಬೆರಳಿಲ್ಲ, ಉಬ್ಬಿಲ್ಲ. ಮೂರನೆಯದರ ಮೇಲೆ ಮಾತ್ರ ಆ ಹುಳದ ಕಾಲಿನ ಸಣ್ಣ ಚುಕ್ಕೆಗಳು ಒಂದಂಚಿನಿಂದ ಇನ್ನೊಂದಂಚಿಗೆ ಸ್ಪಷ್ಟವಾಗಿ ಮೂಡಿದ್ದವು. ಹುಳ ಇಳಿದು ಹತ್ತಿದ ತಗ್ಗಿನ ಗುರುತು ಇರಲಿಲ್ಲ. ನೆಲ ನೋಡೋಣವೆಂದರೆ ಪ್ಲಾಸ್ಟರ್ ಮೇಲುಮಣ್ಣನ್ನೆಲ್ಲ ಕಿತ್ತುಕೊಂಡು ಬಂದಿತ್ತು.

"ನೀವು ಕಣ್ಣಾರೆ ನೋಡೀರಲ್ರಿ. ನೋಡೇನಿ ಅಂತ ಬರೀರಿ," ಎಂದ ಹುಸೇನಸಾಬ. ಕಂಡದ್ದು ಪುರಾವೆಯಾಗುವುದಿಲ್ಲವೆಂದು, ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳಿದೆ. ಅವನು ಕೆಸರು ಹತ್ತಿದ ಬೆರಳು ಮುಂದೆ ಹಿಡಿದ. "ಇದು ತಗ್ಗಿನ್ಯಾಗ ಇಳದಿತ್ತಲ್ರಿ. ಇದನ್ನರ ಬರೀರಿ."

ನಾನು ಬರೆದದ್ದು ಇಷ್ಟು: ಯಾವುದೇ ಕುರುಹು ಕಂಡುಬಂದಿಲ್ಲ.

ಹದಿನೈದು ದಿನದಲ್ಲಿ ಟ್ರ್ಯಾಕ್ಟರ್ ಇಳಿಯಿತು. ಹುಸೇನಸಾಬನ ಪಾಲಿಗೂ ಅಲ್ಲೇ ಒಂದು ತುಂಡು ಬಂತು. ಮರುವರ್ಷ ಹೋದಾಗ ಅವನು ಹತ್ತಿಯ ಸಾಲುಗಳ ನಡುವೆ ಕಳೆ ತೆಗೆಯಲು ಎಡೆ ಹೊಡೆಯುತ್ತಿದ್ದ. ಎತ್ತು ನಿಲ್ಲಿಸದೆಯೇ, "ನೋಡೇನಿ ಅಂತ ನೀವು ಬರದಿದ್ರ ಆ ಹಕ್ಕಿ ಇರ್ತಿತ್ತೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸಾಲು ತಿರುಗಿದ.

ಅದೇ ಚೀಲದ ಪ್ಲಾಸ್ಟರಿನಲ್ಲಿ ಆಮೇಲೆ ಕಾಗೆ, ಕುರಿ, ನನ್ನದೇ ಅಂಗಾಲು, ಎಲ್ಲದರ ಅಚ್ಚು ತೆಗೆದೆ. ಚೊಕ್ಕಟವಾಗಿ ಬಂದವು. ಆ ಐದು ಏಕೆ ಹಾಗಾದವೋ ಇಂದಿಗೂ ತಿಳಿಯದು. ನನ್ನ ವರದಿ ಬರೆದ ದಿನ ಸುಳ್ಳಾಗಿತ್ತು. ಮುಂದಿನ ಮುಂಗಾರಿನ ಹೊತ್ತಿಗೆ ಅಕ್ಷರಶಃ ನಿಜವಾಗಿತ್ತು.